ಒಂದು ಕಂಬ, ಎಲ್ಲರ ಬಾವುಟ

ಆಗಸ್ಟ್ ಎರಡನೇ ವಾರ ಬಂತೆಂದರೆ ತುಮಕೂರಿನ ಶಿರಾ ರಸ್ತೆಯಲ್ಲಿ ತ್ರಿವರ್ಣದ ವ್ಯಾಪಾರ ಶುರುವಾಗುತ್ತದೆ. ಅಂತರಸನಹಳ್ಳಿಯಲ್ಲಿ ಒಂದು ಕಡೆ ತರಕಾರಿ ಮಾರುಕಟ್ಟೆ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ, ಪಕ್ಕದಲ್ಲೇ ಹೆದ್ದಾರಿ. ಮಂಡಿಯಲ್ಲಿ ಕನ್ನಡದ ಜೊತೆ ಉರ್ದು, ತೆಲುಗು ಕಿವಿಗೆ ಬೀಳುತ್ತವೆ. ಶೆಡ್‌ಗಳಲ್ಲಿ ದುಡಿಯಲು ಉತ್ತರದ ರಾಜ್ಯಗಳಿಂದ ಬಂದವರ ಹಿಂದಿಯೂ ಸೇರುತ್ತದೆ. ಇಂಥ ಕಡೆ ಹದಿನೈದನೇ ತಾರೀಕು ಬಾವುಟ ಹಾರಿಸುವವರು ಒಬ್ಬಿಬ್ಬರಲ್ಲ. ಶಾಲೆ, ಹಾಲಿನ ಡೈರಿ, ಆಟೋ ನಿಲ್ದಾಣ, ಹಮಾಲರ ಸಂಘ, ಕಾರ್ಖಾನೆ, ಬಡಾವಣೆಯ ಯುವಕರು, ಎಲ್ಲರಿಗೂ ಒಂದೊಂದು ಕಂಬ ಬೇಕು.

ಹುಮ್ಮಸ್ಸಿಗೆ ಕೊರತೆಯಿಲ್ಲ, ಕೊರತೆಯಿರುವುದು ಮಾಹಿತಿಗೆ. ಕನ್ನಡ ಬಾವುಟ ಎಲ್ಲಿ ಕಟ್ಟಬೇಕು, ಹಬ್ಬದ ಧ್ವಜ ಅದೇ ಕಂಬದಲ್ಲಿದ್ದರೆ ಏನು ಮಾಡಬೇಕು, ಹರಿದ ಬಾವುಟವನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ಮಾತಿಗೆ ಮಾತು ಬೆಳೆಯುತ್ತದೆ. ಭಾರತೀಯ ಧ್ವಜ ಸಂಹಿತೆ ಇವಕ್ಕೆಲ್ಲ ದಾರಿ ತೋರಿಸಿದೆ. ಹಲವು ಭಾಷೆ, ಹಲವು ಧರ್ಮದ ಜನ ಒಟ್ಟಿಗೆ ಬದುಕುವ ಕೇರಿಯಲ್ಲಿ ಈ ನಿಯಮಗಳನ್ನು ಸರಿಯಾಗಿ ಪಾಲಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಈ ಲೇಖನದ ಉದ್ದೇಶ ಅಷ್ಟೇ: ಏನು ಮಾಡಬೇಕು, ಏನು ಮಾಡಬಾರದು, ಯಾಕೆ ಎಂಬುದನ್ನು ಒಂದೆಡೆ ಹೇಳುವುದು.

ಬಣ್ಣ ಯಾರ ಪಾಲಿನದೂ ಅಲ್ಲ

ಕೇಸರಿ ಒಬ್ಬರದು, ಹಸಿರು ಇನ್ನೊಬ್ಬರದು ಎಂಬ ಮಾತು ಈಗಲೂ ಕೇಳಿಬರುತ್ತದೆ. ಇದಕ್ಕೆ ಹಿನ್ನೆಲೆಯಿದೆ. 1921ರಲ್ಲಿ ಪಿಂಗಳಿ ವೆಂಕಯ್ಯನವರು ಬೆಜವಾಡದಲ್ಲಿ ಗಾಂಧೀಜಿಗೆ ತೋರಿಸಿದ ಬಾವುಟದಲ್ಲಿ ಕೆಂಪು, ಹಸಿರು ಇದ್ದವು. ಉಳಿದ ಸಮುದಾಯಗಳಿಗೆಂದು ಬಿಳಿಯನ್ನೂ ನಡುವೆ ಚರಕವನ್ನೂ ಸೇರಿಸಲು ಗಾಂಧೀಜಿ ಸೂಚಿಸಿದರು. ಬಣ್ಣಗಳನ್ನು ಸಮುದಾಯಗಳಿಗೆ ಹಂಚಿದ ಕೂಡಲೇ ನಮ್ಮ ಪಾಲೆಲ್ಲಿ ಎಂಬ ಕೇಳಿಕೆ ಬಂತು. ಸಿಖ್ಖರು ತಮಗೂ ಒಂದು ಬಣ್ಣ ಬೇಕೆಂದರು.

ಹಿರಿಯರು ಪಾಲು ಹೆಚ್ಚಿಸುತ್ತ ಹೋಗಲಿಲ್ಲ, ಪಾಲಿನ ಲೆಕ್ಕವನ್ನೇ ಕೈಬಿಟ್ಟರು. 1931ರಲ್ಲಿ ಕೆಂಪಿನ ಜಾಗಕ್ಕೆ ಕೇಸರಿ ತಂದು, ಈ ಬಣ್ಣಗಳಿಗೆ ಯಾವ ಕೋಮಿನ ಅರ್ಥವೂ ಇಲ್ಲವೆಂದು ಕಾಂಗ್ರೆಸ್ ಸಮಿತಿ ನಿರ್ಣಯ ಮಾಡಿತು. ಕೇಸರಿ ಧೈರ್ಯಕ್ಕೆ ಮತ್ತು ತ್ಯಾಗಕ್ಕೆ, ಬಿಳಿ ಸತ್ಯಕ್ಕೆ ಮತ್ತು ಶಾಂತಿಗೆ, ಹಸಿರು ನಂಬಿಕೆಗೆ ಮತ್ತು ಸಮೃದ್ಧಿಗೆ ಎಂದಾಯಿತು. 1947ರ ಜುಲೈ 22ರಂದು ಸಂವಿಧಾನ ರಚನಾ ಸಭೆ ಚರಕದ ಜಾಗದಲ್ಲಿ 24 ಅರೆಗಳ ಅಶೋಕ ಚಕ್ರವಿಟ್ಟು ಈಗಿನ ಬಾವುಟವನ್ನು ಒಪ್ಪಿಕೊಂಡಿತು. ಸ್ವಾತಂತ್ರ್ಯ ದಿನದ ಭಾಷಣಕ್ಕೆ ಮಕ್ಕಳನ್ನು ತಯಾರು ಮಾಡುವ ಮೇಷ್ಟ್ರು, ಮೇಡಂಗಳು ಈ 1931ರ ತೀರ್ಮಾನವನ್ನು ತಪ್ಪದೆ ಹೇಳಿಕೊಡಬೇಕು. ಮೂರೂ ಪಟ್ಟಿ ಎಲ್ಲರದೂ ಎಂದು ತಿಳಿದ ಮಗು ಬಣ್ಣದ ಜಗಳಕ್ಕೆ ಹೋಗುವುದಿಲ್ಲ.

ಕಾನೂನು ಸಂಕ್ಷಿಪ್ತವಾಗಿ

ಇಂದು ಜಾರಿಯಲ್ಲಿರುವುದು ಭಾರತೀಯ ಧ್ವಜ ಸಂಹಿತೆ, 2002. ಅದೇ ವರ್ಷ ಜನವರಿ 26ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಸಾಮಾನ್ಯರು ವರ್ಷದ ಎಲ್ಲ ದಿನ ಮನೆಯ ಮೇಲೆ ಧ್ವಜ ಹಾರಿಸುವಂತಿರಲಿಲ್ಲ. ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಜನವರಿ 23ರಂದು ತೀರ್ಪು ಕೊಟ್ಟು, ಗೌರವದಿಂದ ಧ್ವಜ ಹಾರಿಸುವುದು ನಾಗರಿಕನ ಮೂಲಭೂತ ಹಕ್ಕು ಎಂದಿತು. ಹಕ್ಕಿನ ಜೊತೆಗೆ ಹೊಣೆಯೂ ಇದೆ: ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971ರ ಪ್ರಕಾರ ಧ್ವಜವನ್ನು ಸಾರ್ವಜನಿಕವಾಗಿ ಸುಡುವುದು, ಹರಿಯುವುದು, ತುಳಿಯುವುದು, ವಿರೂಪಗೊಳಿಸುವುದು ಮೂರು ವರ್ಷದವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದಾದ ಅಪರಾಧ.

ಇತ್ತೀಚಿನ ಎರಡು ತಿದ್ದುಪಡಿಗಳು ಹಲವರಿಗೆ ಗೊತ್ತಿಲ್ಲ. 2021ರ ಡಿಸೆಂಬರ್ 30ರ ತಿದ್ದುಪಡಿ ಕೈಯಿಂದ ನೂತು ನೇಯ್ದ ಖಾದಿಯ ಜೊತೆಗೆ ಯಂತ್ರದಲ್ಲಿ ತಯಾರಾದ ಹತ್ತಿ, ಉಣ್ಣೆ, ರೇಷ್ಮೆ, ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅವಕಾಶ ಕೊಟ್ಟಿತು. 2022ರ ಜುಲೈ ತಿದ್ದುಪಡಿಯ ಪ್ರಕಾರ ಬಯಲಿನಲ್ಲಿ ಅಥವಾ ಸಾರ್ವಜನಿಕರ ಮನೆಯ ಮೇಲೆ ಹಾರಿಸಿದ ಧ್ವಜ ಹಗಲೂ ರಾತ್ರಿಯೂ ಹಾರಬಹುದು. ಹಾಗಾಗಿ ಸಂಜೆ ಆರಕ್ಕೆ ಪಕ್ಕದ ಮನೆಯ ಬಾವುಟ ಇಳಿಯಲಿಲ್ಲವೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ಆದರೆ ಹಬ್ಬ ಮುಗಿದ ಮೇಲೆ ನೋಡಿಕೊಳ್ಳುವವರು ಯಾರೂ ಇರದ ಕಂಬದಲ್ಲಿ ಧ್ವಜವನ್ನು ಬಿಟ್ಟುಹೋಗುವುದಕ್ಕಿಂತ ಅದೇ ಸಂಜೆ ಇಳಿಸುವುದು ಒಳ್ಳೆಯದು.

ಬಾವುಟ ಕೊಳ್ಳುವಾಗ

ಅಳತೆ ಮೊದಲು ನೋಡಿ. ಉದ್ದಕ್ಕೂ ಅಗಲಕ್ಕೂ 3:2 ಪ್ರಮಾಣ ಇರಲೇಬೇಕು. ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ. ದೊಡ್ಡದು 6300 × 4200 ಮಿಲಿಮೀಟರ್, ಚಿಕ್ಕದು ಮೇಜಿನ ಮೇಲಿಡುವ 150 × 100 ಮಿಲಿಮೀಟರ್. ಮನೆ, ಅಂಗಡಿ, ಸಣ್ಣ ಶಾಲೆಗೆ 900 × 600, ಅಂದರೆ ಹೆಚ್ಚುಕಡಿಮೆ ಮೂರಡಿಗೆ ಎರಡಡಿ ಸಾಕು. ಇಪ್ಪತ್ತಡಿಗಿಂತ ಎತ್ತರದ ಕಂಬವಿದ್ದರೆ 1350 × 900 ಅಥವಾ 1800 × 1200 ಒಪ್ಪುತ್ತದೆ. ಮೂರೂ ಪಟ್ಟಿ ಸಮನಾಗಿರಬೇಕು. ಚಕ್ರ ಕಡುನೀಲಿ ಇರಬೇಕು, ನಡುಮಧ್ಯೆ ದುಂಡಗಿರಬೇಕು, ಎರಡೂ ಮಗ್ಗುಲಿಗೆ ಕಾಣಬೇಕು. ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿದ, ಅರೆಗಳು ಕಲಸಿಹೋದ ಬಾವುಟವನ್ನು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಕರ್ನಾಟಕದವರಾಗಿ ನಾವು ಹೆಮ್ಮೆಪಡುವ ಸಂಗತಿಯೊಂದಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರಲ್ಲಿ. ಭಾರತೀಯ ಮಾನಕ ಸಂಸ್ಥೆಯ ಗುಣಮಟ್ಟದ ಮುದ್ರೆ ಪಡೆದು ಅದು ತಯಾರಿಸುವ ಖಾದಿ ಧ್ವಜಗಳು ದೇಶದ ಸರ್ಕಾರಿ ಕಟ್ಟಡಗಳ ಮೇಲೆ ಹಾರುತ್ತವೆ. ಬಟ್ಟೆ ನೇಯುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಊರುಗಳಲ್ಲಿ. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪಾಲಿಯೆಸ್ಟರ್ ಬಂದ ಮೇಲೆ ಈ ಮಗ್ಗಗಳಿಗೆ ಬೇಡಿಕೆಯ ಚಿಂತೆ ಶುರುವಾಗಿದೆ. ಶಾಲೆ, ಪಂಚಾಯಿತಿ, ಸಂಘದ ಖಾಯಂ ಕಂಬಕ್ಕೆ ಖಾದಿ ಬಾವುಟವನ್ನೇ ಕೊಂಡರೆ ಹಣ ನಮ್ಮ ನೇಕಾರರ ಕೈಗೆ ಸೇರುತ್ತದೆ, ಹಳತಾದ ಮೇಲೆ ವಿಲೇವಾರಿಯೂ ಸುಲಭ. ಮಕ್ಕಳ ಕೈಗೆ ಕಾಗದದ ಬಾವುಟ ಕೊಡಿ, ಪ್ಲಾಸ್ಟಿಕ್ಕಿನದು ಬೇಡ.

ಕಂಬ, ಹಗ್ಗ, ಗಂಟು

ಧ್ವಜ ಬಿಚ್ಚಿಕೊಳ್ಳದೆ ಅತಿಥಿಗಳು ಹಗ್ಗ ಜಗ್ಗುತ್ತ ನಿಲ್ಲುವುದು, ತಲೆಕೆಳಗಾಗಿ ಹಾರುವುದು, ಇವೆರಡೂ ಹಿಂದಿನ ದಿನದ ಅರ್ಧ ಗಂಟೆಯ ಕೆಲಸ ತಪ್ಪಿಸಿದ್ದರಿಂದ ಆಗುವ ಅವಾಂತರಗಳು.

ಕಂಬ ನಿಲ್ಲಿಸುವ ಮೊದಲು ತಲೆಯೆತ್ತಿ ನೋಡಿ. ಮೇಲೆ ವಿದ್ಯುತ್ ತಂತಿ ಇದ್ದರೆ ಜಾಗ ಬದಲಿಸಿ. ಕಬ್ಬಿಣದ ಕಂಬ ಎತ್ತುವಾಗ ತಂತಿಗೆ ತಗುಲಿ ಜೀವಗಳು ಹೋಗಿವೆ. ಈ ಕೆಲಸಕ್ಕೆ ಶಾಲಾ ಮಕ್ಕಳನ್ನು ಹಚ್ಚಲೇಬೇಡಿ. ತುದಿಯ ರಾಟೆಗೆ ಎಣ್ಣೆ ಬಿಡಿ. ಆಗಸ್ಟಿನ ಜಡಿಮಳೆಗೆ ಹತ್ತಿಯ ಹಗ್ಗ ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಳ್ಳುವುದುಂಟು. ಸಣ್ಣ ನೈಲಾನ್ ಹಗ್ಗ ಸಲೀಸಾಗಿ ಓಡುತ್ತದೆ.

ಹೂವಿನ ಎಸಳು ತುಂಬಲು ಸಂಹಿತೆಯ ಒಪ್ಪಿಗೆಯಿದೆ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದಂಥ ದಿನಗಳಲ್ಲಿ ಬಿಚ್ಚುವ ಮೊದಲು ಧ್ವಜದೊಳಗೆ ಎಸಳು ಇಡಬಹುದು. ಆದರೆ ಧ್ವಜದ ಮೇಲಾಗಲಿ, ಕಂಬದ ತುದಿಗಾಗಲಿ ಹಾರ, ಹೂವು, ಲಾಂಛನ ಏನನ್ನೂ ಇಡುವಂತಿಲ್ಲ. ಮಾರುಕಟ್ಟೆಯಿಂದ ತಂದ ಸೇವಂತಿಗೆ, ಗುಲಾಬಿಯನ್ನು ಹಿಂದಿನ ಸಂಜೆಯೇ ಬಿಡಿಸಿ, ನೀರಾರಲು ಕಾಗದದ ಮೇಲೆ ಹರಡಿ. ಒದ್ದೆ ಎಸಳು ಬಟ್ಟೆಗೆ ಅಂಟುತ್ತದೆ, ಬಿಳಿಪಟ್ಟಿಗೆ ಕಲೆ ಬಿಡುತ್ತದೆ.

ಕಟ್ಟುವ ಕ್ರಮ ಹೀಗೆ. ಶುಭ್ರವಾದ ಮೇಜಿನ ಮೇಲೆ ಧ್ವಜವನ್ನು ಕೇಸರಿ ಮೇಲೆ ಬರುವಂತೆ ಹರಡಿ. ಹಗ್ಗ ಪೋಣಿಸುವ ಅಂಚಿನಲ್ಲಿ ಕೇಸರಿ ಕಡೆಯ ತುದಿಯನ್ನು ರಾಟೆಗೆ ಏರುವ ಹಗ್ಗಕ್ಕೆ ಕಟ್ಟಿ, ಹಸಿರು ಕಡೆಯ ತುದಿಯನ್ನು ಕೆಳಗಿಳಿಯುವ ಹಗ್ಗಕ್ಕೆ ಕಟ್ಟಿ. ಇಲ್ಲಿ ಅದಲುಬದಲಾದರೇ ಬಾವುಟ ತಲೆಕೆಳಗಾಗುವುದು; ಆದ್ದರಿಂದ ಇಬ್ಬರು ನೋಡಿ ಖಚಿತಪಡಿಸಿಕೊಳ್ಳಿ. ಆಮೇಲೆ ಧ್ವಜವನ್ನು ಉದ್ದಕ್ಕೆ ಮಡಿಚಿ, ಮಡಿಕೆಯೊಳಗೆ ಒಂದು ಬೊಗಸೆ ಎಸಳು ಹರವಿ, ಹಾರುವ ತುದಿಯಿಂದ ಕಟ್ಟುವ ಅಂಚಿನವರೆಗೆ ಸಡಿಲವಾಗಿ ಸುತ್ತಿಕೊಂಡು ಬನ್ನಿ. ಕೆಳಗಿಳಿಯುವ ಹಗ್ಗದಿಂದ ಆ ಸುರುಳಿಗೆ ಎರಡು ಸುತ್ತು ಹಾಕಿ ಜೀರುಗುಣಿಕೆ ಬಿಗಿಯಿರಿ. ಗಂಟಿನ ಮೇಲೆ ಗಂಟು ಹಾಕಬೇಡಿ. ನೆಲದ ಮಟ್ಟದಲ್ಲೇ ಒಮ್ಮೆ ಎಳೆದು ನೋಡಿ. ಒಂದೇ ಎಳೆತಕ್ಕೆ ಬಿಚ್ಚಿಕೊಂಡರೆ ಮತ್ತೆ ಸುತ್ತಿ ಕಟ್ಟಿ ಮೇಲೇರಿಸಿ. ಸುರುಳಿಯಾಗಿ ಕಟ್ಟದೆ ನೇರವಾಗಿ ಏರಿಸುವುದಾದರೆ ಚುರುಕಾಗಿ ಏರಿಸಬೇಕು, ಇಳಿಸುವಾಗ ನಿಧಾನವಾಗಿ ಇಳಿಸಬೇಕು.

ಧ್ವಜಕಟ್ಟೆಯ ಸುತ್ತ ರಂಗೋಲಿ ಚೆಂದ. ಆದರೆ ಚಕ್ರ ಸಮೇತ ಇಡೀ ಧ್ವಜವನ್ನೇ ನೆಲದ ಮೇಲೆ ಬಿಡಿಸಿದರೆ ಓಡಾಡುವವರ ಕಾಲು ಬೀಳುತ್ತದೆ. ಬಣ್ಣ ಬಳಸಿ ಹೂವು, ಬಳ್ಳಿ ಬಿಡಿಸಿ.

ಬೇರೆ ಬಾವುಟಗಳಿಗೆ ಬೇರೆ ಜಾಗ

ಹೆಚ್ಚು ಗೊಂದಲವಿರುವುದು ಇಲ್ಲೇ. ಸಂಹಿತೆಯ ಮಾತು ನೇರವಾಗಿದೆ: ರಾಷ್ಟ್ರಧ್ವಜ ಹಾರುವ ಕಂಬದಲ್ಲಿ ಅದೇ ಹೊತ್ತಿಗೆ ಇನ್ನೊಂದು ಬಾವುಟ ಹಾರಬಾರದು, ಬೇರೆ ಯಾವ ಬಾವುಟವೂ, ಪತಾಕೆಯೂ ಅದಕ್ಕಿಂತ ಎತ್ತರದಲ್ಲಿ ಅಥವಾ ಸರಿಸಮನಾಗಿ ಪಕ್ಕದಲ್ಲಿ ಇರಬಾರದು. ಬೇರೆ ದೇಶಗಳ ಧ್ವಜ ಮತ್ತು ವಿಶ್ವಸಂಸ್ಥೆಯ ಧ್ವಜದ ಜೊತೆ ಹಾರಿಸುವಾಗಿನ ಕ್ರಮ ಮಾತ್ರ ಬೇರೆ.

ಕನ್ನಡ ಬಾವುಟವನ್ನೇ ತೆಗೆದುಕೊಳ್ಳಿ. ಮ. ರಾಮಮೂರ್ತಿ ಅವರು 1960ರ ದಶಕದಲ್ಲಿ ಕೊಟ್ಟ ಹಳದಿ-ಕೆಂಪು ಬಾವುಟ ನವೆಂಬರ್ 1ಕ್ಕೆ ಪ್ರತಿ ವೃತ್ತದಲ್ಲೂ ಹಾರುತ್ತದೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿಪಟ್ಟಿ, ಗಂಡಭೇರುಂಡ ಲಾಂಛನವಿರುವ ನಾಡಧ್ವಜದ ವಿನ್ಯಾಸ ಒಪ್ಪಿ ಕೇಂದ್ರಕ್ಕೆ ಕಳಿಸಿತು. ರಾಜ್ಯೋತ್ಸವದ ದಿನ ಎರಡನ್ನೂ ಹಾರಿಸುವಾಗ ಕಂಬ ಎರಡಿರಲಿ, ಕನ್ನಡ ಬಾವುಟದ ಕಂಬ ಗಿಡ್ಡವಿರಲಿ, ನೋಡುವವರ ಎಡಕ್ಕೆ ರಾಷ್ಟ್ರಧ್ವಜ, ಬಲಕ್ಕೆ ಕನ್ನಡ ಬಾವುಟ ಬರಲಿ. ಇದರಿಂದ ಕನ್ನಡದ ಮಾನ ತಗ್ಗುವುದಿಲ್ಲ. ಎರಡಕ್ಕೂ ಗೊತ್ತಾದ ಜಾಗ ಸಿಗುತ್ತದೆ.

ಎರಡು ಬಾವುಟಗಳ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. 1938ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಹಾರಿಸಲು ಸರ್ಕಾರ ಬಿಡಲಿಲ್ಲ. ಏಪ್ರಿಲ್‌ನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು, ನಮ್ಮ ಮಧುಗಿರಿಗೆ ನೆರೆಯಾದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 32 ಮಂದಿ ಹುತಾತ್ಮರಾದರೆಂದು ಅಲ್ಲಿ ಸ್ಮರಿಸುತ್ತಾರೆ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿ ಒಪ್ಪಂದಕ್ಕೆ ಬಂದರು. ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟವೂ ತ್ರಿವರ್ಣವೂ ಜೊತೆಯಾಗಿ ಹಾರಬಹುದೆಂದು ತೀರ್ಮಾನವಾಯಿತು. ಬಾವುಟದ ಜಗಳವನ್ನು ಕೊನೆಗೂ ಬಗೆಹರಿಸಿದ್ದು ಕೂತು ಮಾತಾಡಿ ಜಾಗ ಗೊತ್ತುಮಾಡಿಕೊಂಡದ್ದೇ.

ಇದೇ ಕೆಲಸವನ್ನು ಮೊದಲೇ ಮಾಡಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಗಳಿವೆ. 2024ರ ಜನವರಿಯಲ್ಲಿ ಮಂಡ್ಯ ಜಿಲ್ಲೆಯ ಕೆರಗೋಡಿನಲ್ಲಿ 108 ಅಡಿ ಕಂಬದ ಮೇಲೆ ಹನುಮ ಧ್ವಜ ಏರಿತು. ಅನುಮತಿ ಇದ್ದದ್ದು ರಾಷ್ಟ್ರಧ್ವಜ ಮತ್ತು ಕನ್ನಡ ಬಾವುಟಕ್ಕೆ ಎಂದು ಹೇಳಿದ ಆಡಳಿತ ಅದನ್ನು ಇಳಿಸಿ ತ್ರಿವರ್ಣ ಏರಿಸಿತು. ಊರು ದಿನಗಟ್ಟಲೆ ಕುದಿಯಿತು. ಹುಬ್ಬಳ್ಳಿಯ ಈದ್ಗಾ ಮೈದಾನದ ಧ್ವಜ ವಿವಾದದಲ್ಲಿ 1994ರ ಆಗಸ್ಟ್ 15ರಂದು ಗೋಲಿಬಾರ್ ನಡೆದು ಜೀವಗಳೇ ಹೋದವು.

ಹಾಗಾಗಿ ಸಾರ್ವಜನಿಕ ಜಾಗದಲ್ಲಿ ಕಂಬ ನೆಡುವ ಮುನ್ನ ಪಂಚಾಯಿತಿಯಿಂದಲೋ ಪಾಲಿಕೆಯಿಂದಲೋ ಲಿಖಿತ ಅನುಮತಿ ಪಡೆಯಿರಿ. ಯಾವ ಬಾವುಟ, ಯಾವ ದಿನಗಳಲ್ಲಿ, ನೋಡಿಕೊಳ್ಳುವವರು ಯಾರು ಎಂಬ ಮೂರೂ ಅದರಲ್ಲಿ ಬರಲಿ. ಗಣೇಶೋತ್ಸವ, ಈದ್ ಮಿಲಾದ್, ಅಂಬೇಡ್ಕರ್ ಜಯಂತಿಯ ಬಾವುಟಗಳಿಗೆ ಅವುಗಳದೇ ಕಂಬ, ಅವುಗಳದೇ ದಿನ ಇರಲಿ. ತ್ರಿವರ್ಣದ ಮೇಲೆ ಅಕ್ಷರ ಬರೆಯುವುದು, ಚಕ್ರದ ಜಾಗದಲ್ಲಿ ಬೇರೆ ಚಿಹ್ನೆ ಹಾಕುವುದು ಯಾರ ಮೆರವಣಿಗೆಯಲ್ಲೇ ಆಗಲಿ ತಪ್ಪು.

ಪರದೇಶದ ಕನ್ನಡ ಕೂಟಗಳಿಗೂ ಒಂದು ಮಾತು. ಶಾಂತಿಕಾಲದಲ್ಲಿ ಒಂದು ದೇಶದ ಧ್ವಜವನ್ನು ಇನ್ನೊಂದರ ಮೇಲೆ ಹಾರಿಸಬಾರದೆಂಬುದು ಅಂತರರಾಷ್ಟ್ರೀಯ ಸಂಪ್ರದಾಯ. ಆತಿಥೇಯ ದೇಶದ ಧ್ವಜ ಮತ್ತು ತ್ರಿವರ್ಣ ಒಂದೇ ಎತ್ತರದಲ್ಲಿ, ಒಂದೇ ಅಳತೆಯಲ್ಲಿ ಇರಲಿ. ಯಾವುದು ಮೊದಲು ಎಂಬುದಕ್ಕೆ ಅಲ್ಲಿನ ನಿಯಮ ಅನುಸರಿಸಿ.

ವೇದಿಕೆ, ಮೆರವಣಿಗೆ, ಗಾಡಿ

ವೇದಿಕೆಯ ಮೇಲೆ ಕೋಲಿಗೆ ಕಟ್ಟಿದ ಧ್ವಜವಿಡುವುದಾದರೆ ಸಭಿಕರತ್ತ ಮುಖ ಮಾಡಿ ನಿಂತ ಭಾಷಣಕಾರರ ಬಲಗಡೆ ಇಡಬೇಕು. ಗೋಡೆಯ ಮೇಲಾದರೆ ಅವರ ಹಿಂದೆ, ತಲೆಗಿಂತ ಎತ್ತರದಲ್ಲಿ ಹರಡಬೇಕು. ಗೋಡೆಗೆ ಉದ್ದುದ್ದ ಇಳಿಬಿಟ್ಟರೆ ಕೇಸರಿ ಪಟ್ಟಿ ನೋಡುವವರ ಎಡಕ್ಕೆ ಬರಬೇಕು. ಮೇಜಿಗೆ ಹೊದಿಸುವುದು, ವೇದಿಕೆಯ ಅಂಚಿಗೆ ಇಳಿಬಿಡುವುದು, ತೋರಣದಂತೆ ಪೋಣಿಸುವುದು, ಪ್ರತಿಮೆಗೆ ಮುಚ್ಚಿ ಅನಾವರಣ ಮಾಡುವುದು, ಯಾವುದೂ ಸಲ್ಲದು. ಅಲಂಕಾರ ಬೇಕಾದರೆ ಚಕ್ರವಿಲ್ಲದ ಬಣ್ಣದ ಬಟ್ಟೆ, ಬಲೂನು ಬಳಸಿ.

ಮೆರವಣಿಗೆಯಲ್ಲಿ ಬೇರೆ ಬಾವುಟಗಳೂ ಇದ್ದರೆ ರಾಷ್ಟ್ರಧ್ವಜ ಸಾಲಿನ ಬಲಬದಿಯಲ್ಲಿ ಅಥವಾ ಸಾಲಿನ ನಡುವಿನ ಮುಂದುಗಡೆ ಸಾಗಬೇಕು. ವಾಹನದ ಮುಂದೆ ಧ್ವಜ ಹಾರಿಸುವ ಹಕ್ಕು ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳು, ಉನ್ನತ ನ್ಯಾಯಾಧೀಶರಂಥ ಕೆಲವರಿಗೆ ಮಾತ್ರ. ಆಟೋ, ಲಾರಿ, ಟ್ರ್ಯಾಕ್ಟರಿನ ಬಾನೆಟ್ಟಿಗೆ ಹೊದಿಸುವುದಂತೂ ಸ್ಪಷ್ಟವಾಗಿ ನಿಷಿದ್ಧ. ಬಣ್ಣ ಹೊಂದಿಸಿದ ಸೀರೆ, ದುಪಟ್ಟಾ ಉಡಬಹುದು. ಪೂರ್ತಿ ಧ್ವಜವನ್ನು ಉಡುಪಿನ ಬಟ್ಟೆ, ಕರವಸ್ತ್ರ, ದಿಂಬಿಗೆ ಅಚ್ಚು ಹಾಕುವಂತಿಲ್ಲ, ಸೊಂಟದ ಕೆಳಗೆ ಸುತ್ತಿಕೊಳ್ಳುವಂತಿಲ್ಲ.

ಹಗ್ಗ ಯಾರ ಕೈಗೆ?

ಖಾಸಗಿ ಸಂಘ, ಬಡಾವಣೆಯ ಕಾರ್ಯಕ್ರಮದಲ್ಲಿ ಇಂಥವರೇ ಧ್ವಜ ಹಾರಿಸಬೇಕೆಂದು ಸಂಹಿತೆ ಹೇಳುವುದಿಲ್ಲ. ಪ್ರತಿ ವರ್ಷ ಚಂದಾ ಹೆಚ್ಚು ಕೊಟ್ಟವರ ಕೈಗೇ ಹಗ್ಗ ಹೋಗಬೇಕಿಲ್ಲ. ಈ ವರ್ಷ ಪೌರಕಾರ್ಮಿಕರು, ಮುಂದಿನ ವರ್ಷ ಆಶಾ ಕಾರ್ಯಕರ್ತೆ, ಆಮೇಲೆ ಮಂಡಿಯ ಹಿರಿಯ ಹಮಾಲಿ, ನಿವೃತ್ತ ಯೋಧ, ಹೀಗೆ ಸರದಿ ಮಾಡಿಕೊಳ್ಳಿ. ಸಮಿತಿಯಲ್ಲಿ ಕೇರಿಯ ಎಲ್ಲ ಬೀದಿಯವರೂ ಇರಲಿ. ಬೇರೆ ರಾಜ್ಯದ ಕಾರ್ಮಿಕರಿಗೂ ಕರೆ ಹೋಗಲಿ.

ವೇದಿಕೆಯಲ್ಲಿ ಗಾಂಧೀಜಿಯವರ ಜೊತೆ ಅಂಬೇಡ್ಕರರ ಭಾವಚಿತ್ರವೂ ಇರಲಿ. 2022ರ ಗಣರಾಜ್ಯೋತ್ಸವದಂದು ರಾಯಚೂರಿನ ನ್ಯಾಯಾಲಯದಲ್ಲಿ ಇದೇ ವಿಷಯಕ್ಕೆ ವಿವಾದವೆದ್ದ ಮೇಲೆ, ನ್ಯಾಯಾಲಯಗಳ ರಾಷ್ಟ್ರೀಯ ದಿನಾಚರಣೆಗಳಲ್ಲಿ ಅಂಬೇಡ್ಕರ್ ಭಾವಚಿತ್ರ ಇಡಬೇಕೆಂದು ಹೈಕೋರ್ಟ್ ಸುತ್ತೋಲೆ ಹೊರಡಿಸಿತು. ಚಿತ್ರಗಳನ್ನು ಪ್ರತ್ಯೇಕ ಮೇಜಿನ ಮೇಲಿಡಿ, ಕಂಬಕ್ಕೆ ಕಟ್ಟಬೇಡಿ. ಎಲ್ಲ ಧರ್ಮದವರೂ ಸೇರುವಲ್ಲಿ ಕಂಬದ ಬುಡದಲ್ಲಿ ಒಂದೇ ಧರ್ಮದ ಪೂಜಾವಿಧಿ ಬೇಡ. ರಂಗೋಲಿ, ಹೂವು, ಮೌನ ಗೌರವ ಸಾಕು.

ಧ್ವಜ ಏರುವಾಗ ಎಲ್ಲರೂ ಅದರತ್ತ ತಿರುಗಿ ನೇರವಾಗಿ ನಿಲ್ಲಬೇಕು. ರಾಷ್ಟ್ರಗೀತೆಯ ಅವಧಿ ಸುಮಾರು 52 ಸೆಕೆಂಡು. ಕುವೆಂಪು ಅವರ ನಾಡಗೀತೆಗೆ ಸರ್ಕಾರ 2022ರಲ್ಲಿ ಗೊತ್ತುಮಾಡಿದ ಅವಧಿ ಎರಡೂವರೆ ನಿಮಿಷ. ಯಾರಾದರೂ ಹಾಡಲಿಲ್ಲವೆಂದು ಅವರ ಮೇಲೆ ಎರಗಬೇಡಿ. ತಮ್ಮ ಧಾರ್ಮಿಕ ನಂಬಿಕೆಯಿಂದಾಗಿ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದಾಗ, ಅದು ತಪ್ಪೆಂದು ಸುಪ್ರೀಂ ಕೋರ್ಟ್ 1986ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಎದ್ದು ನಿಲ್ಲುವುದೇ ಗೌರವ ಎಂಬುದು ಆ ತೀರ್ಪಿನ ಸಾರ.

ಹಬ್ಬ ಮುಗಿದ ಮೇಲೆ

ನಮ್ಮ ಊರುಗಳಲ್ಲಿ ಹೆಚ್ಚಿನ ಅಗೌರವ ಆಗುತ್ತಿರುವುದು ಇಲ್ಲಿ, ಅದೂ ಯಾರಿಗೂ ಆ ಉದ್ದೇಶವಿಲ್ಲದೆ. ಹದಿನಾರನೇ ತಾರೀಕು ಬೆಳಗ್ಗೆ ಕಾಗದದ ಬಾವುಟಗಳು ಚರಂಡಿಯಲ್ಲಿರುತ್ತವೆ; ಕಾಂಪೌಂಡಿಗೆ ಕಟ್ಟಿದ ಬಾವುಟ ದೀಪಾವಳಿಯ ಹೊತ್ತಿಗೆ ಚಿಂದಿಯಾಗಿರುತ್ತದೆ. ಹರಿದ, ಮಾಸಿದ ಧ್ವಜ ಹಾರಿಸುವುದನ್ನು ಸಂಹಿತೆ ಒಪ್ಪುವುದಿಲ್ಲ.

ಕಾರ್ಯಕ್ರಮದ ಬಾಗಿಲಲ್ಲಿ ಒಂದು ಶುಭ್ರ ಪೆಟ್ಟಿಗೆ ಇಟ್ಟು, ಕೈಬಾವುಟಗಳನ್ನು ವಾಪಸು ಹಾಕಿ ಹೋಗಲು ಮಕ್ಕಳಿಗೆ ಹೇಳಿ. ದೊಡ್ಡ ಧ್ವಜ ಮಳೆಗೆ ನೆನೆದಿದ್ದರೆ ನೆರಳಲ್ಲಿ ಒಣಗಿಸಿಯೇ ಮಡಿಚಿ. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮಡಿಚುವಾಗ ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಕೆಳಗೆ ಸೇರಿಸಿ. ಬಳಿಕ ಎರಡೂ ಬದಿಯಿಂದ ಒಳಕ್ಕೆ ಮಡಿಚಿದರೆ ಚಕ್ರ ಮೇಲೆ ಕಾಣುತ್ತದೆ, ಕೇಸರಿ-ಹಸಿರು ಅಂಚಿನಲ್ಲಿ ಇಣುಕುತ್ತವೆ. ಅಂಗೈ ಮೇಲಿಟ್ಟು ಒಯ್ದು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ.

ಬಳಸಲಾರದಷ್ಟು ಹಳತಾದ ಧ್ವಜವನ್ನು ಕತ್ತರಿಸದೆ, ಇಡಿಯಾಗಿ, ಜನರ ಕಣ್ಣಿಗೆ ಬೀಳದ ಕಡೆ ಗೌರವದಿಂದ ಸುಡುವುದು ಅಥವಾ ಘನತೆಗೆ ಒಪ್ಪುವ ಬೇರೆ ರೀತಿಯಲ್ಲಿ ವಿಲೇವಾರಿ ಮಾಡುವುದು ನಿಯಮ. ಕಸದ ಗಾಡಿಗೆ ಹಾಕುವಂತಿಲ್ಲ, ಒರೆಸುವ ಬಟ್ಟೆ ಮಾಡುವಂತಿಲ್ಲ. ಪಾಲಿಯೆಸ್ಟರ್ ಸುಟ್ಟರೆ ಕೆಟ್ಟ ಹೊಗೆ ಬರುತ್ತದೆ. ಅಂಥವನ್ನು ಒಟ್ಟುಗೂಡಿಸಿ, ಹೇಗೆ ವಿಲೇವಾರಿ ಮಾಡಬೇಕೆಂದು ಪಾಲಿಕೆ ಅಥವಾ ಪಂಚಾಯಿತಿಯನ್ನು ಕೇಳಿ.

ಹಿಂದಿನ ದಿನ ನೋಡಿಕೊಳ್ಳಬೇಕಾದ್ದು

* ಬಾವುಟ ಶುಭ್ರವಾಗಿದೆಯೇ, ಹರಿದಿಲ್ಲವೇ, ಕೇಸರಿ ಮೇಲಿದೆಯೇ?
* ಕಂಬದ ಹತ್ತಿರ ವಿದ್ಯುತ್ ತಂತಿ ಇಲ್ಲವೇ, ರಾಟೆ ಓಡುತ್ತದೆಯೇ, ಗಂಟು ಒಂದೇ ಎಳೆತಕ್ಕೆ ಬಿಚ್ಚುತ್ತದೆಯೇ?
* ಅದೇ ಕಂಬದಲ್ಲಿ, ಅದಕ್ಕಿಂತ ಎತ್ತರದಲ್ಲಿ ಬೇರೆ ಬಾವುಟ ಇಲ್ಲವೇ?
* ಸಾರ್ವಜನಿಕ ಜಾಗವಾದರೆ ಅನುಮತಿ ಪತ್ರ ಕೈಯಲ್ಲಿದೆಯೇ?
* ಕೇರಿಯ ಎಲ್ಲರಿಗೂ ಕರೆ ಹೋಗಿದೆಯೇ?
* ಇಳಿಸಿ, ಮಡಿಚಿ, ಎತ್ತಿಡುವವರು ಯಾರೆಂದು ಗೊತ್ತಾಗಿದೆಯೇ?

ಈ ಆರರಲ್ಲಿ ಐದನೆಯದು ಯಾವ ಸಂಹಿತೆಯಲ್ಲೂ ಇಲ್ಲ. ಆದರೂ ಅದನ್ನು ಬಿಡಬೇಡಿ. ಅಳತೆ, ಗಂಟು, ಎತ್ತರ ಎಲ್ಲ ಸರಿಯಿದ್ದು ಅರ್ಧ ಕೇರಿ ದೂರ ನಿಂತಿದ್ದರೆ ಆ ಧ್ವಜಾರೋಹಣ ಪೂರ್ತಿಯಾಗಲಿಲ್ಲ. ಈ ಸಲ ಸಮಿತಿಯ ಮೊದಲ ಸಭೆಗೇ ಎಲ್ಲ ಬೀದಿಯವರನ್ನೂ ಕರೆಯಿರಿ, ಉಳಿದ ನಿಯಮಗಳನ್ನು ಅಲ್ಲೇ ಒಟ್ಟಿಗೆ ಓದಿಕೊಳ್ಳಿ.